ರಕ್ತದ ಉಸಿರನ್ನು ಅಳೆದ ಸರ್ ಜೋಸೆಫ್ ಬಾರ್‌ಕ್ರಾಫ್ಟ್

ಹಾಗಲವಾಡಿಯ ಆಸುಪಾಸಿನ ಹಳ್ಳಿಗಳಿಂದ ಗುಬ್ಬಿಗೋ ತುಮಕೂರಿಗೋ ಚಿಕಿತ್ಸೆಗೆಂದು ಹೋದವರು ರಕ್ತಪರೀಕ್ಷೆಯ ಚೀಟಿಯೊಡನೆ ಮರಳುವುದು ಇಂದು ಸಾಮಾನ್ಯ ಸಂಗತಿ. ಹಿಮೋಗ್ಲೋಬಿನ್ ಎಂಬ ಹೆಸರಂತೂ ಅಕ್ಷರ ಬಾರದ ಗರ್ಭಿಣಿಗೂ ಪರಿಚಿತ. ಉಸಿರಾಟದ ತೊಂದರೆ ಉಲ್ಬಣಿಸಿ ತೀವ್ರನಿಗಾ ಘಟಕ ಸೇರಿದವರ ಬಂಧುಗಳಿಗೆ ಇನ್ನೊಂದು ಚೀಟಿಯೂ ಎದುರಾಗುತ್ತದೆ. ಅದು ಸಾಮಾನ್ಯವಾಗಿ ಮಣಿಕಟ್ಟಿನ ಅಪಧಮನಿಯಿಂದ ತೆಗೆದ ರಕ್ತದಲ್ಲಿರುವ ಅನಿಲಗಳ ಲೆಕ್ಕ. ಈ ಎರಡನ್ನೂ ಜೊತೆಗಿಟ್ಟು ಓದಬೇಕೆಂಬ ತಿಳಿವಳಿಕೆಯನ್ನು ವೈದ್ಯಲೋಕಕ್ಕೆ ತಂದುಕೊಟ್ಟವರಲ್ಲಿ ಅಗ್ರಗಣ್ಯರು ಕೇಂಬ್ರಿಜ್ಜಿನ ಶರೀರಕ್ರಿಯಾ ವಿಜ್ಞಾನಿ ಸರ್ ಜೋಸೆಫ್ ಬಾರ್‌ಕ್ರಾಫ್ಟ್.

ಬಾರ್‌ಕ್ರಾಫ್ಟರು 1872ರ ಜುಲೈ 26ರಂದು ಐರ್ಲೆಂಡಿನ ನ್ಯೂರಿ ಎಂಬ ಊರಿನಲ್ಲಿ ಕ್ವೇಕರ್ ಮನೆತನವೊಂದರಲ್ಲಿ ಜನಿಸಿದರು. ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ಬಾಳಿನ ಬಹುಭಾಗವನ್ನು ಆ ವಿಶ್ವವಿದ್ಯಾನಿಲಯದ ಪ್ರಯೋಗಶಾಲೆಯಲ್ಲಿಯೇ ಕಳೆದರು. ರಕ್ತದಲ್ಲಿನ ಆಮ್ಲಜನಕವನ್ನು ಅಳೆಯಲು ಆಗ ಧಾರಾಳವಾಗಿ ರಕ್ತ ಬೇಕಾಗುತ್ತಿತ್ತು. ಪಾದರಸದ ಪಂಪೂ ಬೇಕಾಗುತ್ತಿತ್ತು. 1902ರಲ್ಲಿ ಬಾರ್‌ಕ್ರಾಫ್ಟರೂ ಜಾನ್ ಸ್ಕಾಟ್ ಹಾಲ್ಡೇನರೂ ಕೂಡಿ, ಅಲ್ಪ ಪ್ರಮಾಣದ ರಕ್ತದಿಂದಲೇ ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿದರು. ಫೆರಿಸಯನೈಡ್ ಎಂಬ ರಾಸಾಯನಿಕವನ್ನು ಬೆರೆಸಿದರೆ ಹಿಮೋಗ್ಲೋಬಿನ್ ತಾನು ಹಿಡಿದಿಟ್ಟ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಹೊರಬಂದ ಅನಿಲವನ್ನು ಅಳೆದರೆ ಸಾಕು.

ಹೀಗೆ ಜೊತೆಗಾರರಾಗಿದ್ದವರೇ ಮುಂದೆ ಒಂದು ಪ್ರಶ್ನೆಯಲ್ಲಿ ಎದುರುಬದುರಾದರು. ಗಾಳಿ ತೆಳುವಾದ ಎತ್ತರಗಳಲ್ಲಿ ಶ್ವಾಸಕೋಶವು ಗ್ರಂಥಿಯಂತೆ ವರ್ತಿಸಿ, ಆಮ್ಲಜನಕವನ್ನು ತಾನಾಗಿಯೇ ರಕ್ತಕ್ಕೆ ದೂಡುತ್ತದೆ ಎಂಬುದು ಹಾಲ್ಡೇನರ ದೃಢವಾದ ಮತ. ಹಾಗಲ್ಲ, ಒತ್ತಡ ಹೆಚ್ಚಿದ್ದೆಡೆಯಿಂದ ಕಡಿಮೆಯಿದ್ದೆಡೆಗೆ ಅನಿಲವು ತಾನಾಗಿ ಹರಿಯುತ್ತದೆ, ಅಷ್ಟೆ ಎಂಬುದು ಬಾರ್‌ಕ್ರಾಫ್ಟರ ನಿಲುವು. ಇದನ್ನು ಮಾತಿನಿಂದ ತೀರ್ಮಾನಿಸುವಂತಿರಲಿಲ್ಲ. ಶ್ವಾಸಕೋಶದೊಳಗಿನ ಗಾಳಿಯನ್ನೂ, ಅದನ್ನು ದಾಟಿ ಬಂದ ಅಪಧಮನಿಯ ರಕ್ತವನ್ನೂ ಒಂದೇ ವೇಳೆಯಲ್ಲಿ ಹಿಡಿದು ಹೋಲಿಸಬೇಕಾಗಿತ್ತು.

1920ರ ಫೆಬ್ರವರಿಯಲ್ಲಿ, ನಲವತ್ತೇಳರ ವಯಸ್ಸಿನ ಬಾರ್‌ಕ್ರಾಫ್ಟರು ಗಾಜಿನ ಕೋಣೆಯೊಂದನ್ನು ಹೊಕ್ಕು ಆರು ದಿನ ಅದರಲ್ಲಿಯೇ ವಾಸಿಸಿದರು. ಕೋಣೆಯ ಆಮ್ಲಜನಕವನ್ನು ಮೆಲ್ಲಮೆಲ್ಲನೆ ಇಳಿಸುತ್ತಾ ಬರಲಾಯಿತು. ಕಡೆಯ ದಿನ ಅವರ ಮಣಿಕಟ್ಟನ್ನು ಕುಯ್ದು, ಅಪಧಮನಿಗೆ ಕೊಳವೆ ಸೇರಿಸಿ, ವಿಶ್ರಾಂತಿಯಲ್ಲೊಮ್ಮೆ, ದೇಹ ದುಡಿಯುತ್ತಿರುವಾಗೊಮ್ಮೆ ರಕ್ತ ತೆಗೆದರು. ಆರೋಗ್ಯವಂತರಲ್ಲಿ ಅಪಧಮನಿಯ ಹಿಮೋಗ್ಲೋಬಿನ್ನಿನ ಶೇಕಡಾ 95ಕ್ಕೂ ಮಿಕ್ಕ ಭಾಗ ಆಮ್ಲಜನಕದಿಂದ ತುಂಬಿರುತ್ತದೆ. ಅವರಲ್ಲಿ ವಿಶ್ರಾಂತಿಯ ವೇಳೆ ಶೇಕಡಾ 88, ದುಡಿಮೆಯ ವೇಳೆ ಸುಮಾರು ಶೇಕಡಾ 84 ಮಾತ್ರ ತುಂಬಿತ್ತು. ಶ್ವಾಸಕೋಶವು ಆಮ್ಲಜನಕವನ್ನು ದೂಡಿ ಕೊಟ್ಟಿದ್ದರೆ ಈ ಅಂಕಿಗಳು ಇಷ್ಟು ಕೆಳಗಿಳಿಯಬಾರದಾಗಿತ್ತು. ಹಾಲ್ಡೇನರು ಮಾತ್ರ ತಮ್ಮ ಮತವನ್ನು ಕೊನೆಯವರೆಗೂ ಬಿಡಲಿಲ್ಲ, ವಿಜ್ಞಾನಿಗಳಿಗೂ ಹಟವೆಂಬುದುಂಟು.

ಅದೇ 1920ರಲ್ಲಿ ಬಾರ್‌ಕ್ರಾಫ್ಟರು ಮಾಡಿದ ಇನ್ನೊಂದು ಕಾರ್ಯ ರೋಗಿಗಳ ಪಾಲಿಗೆ ಇದಕ್ಕಿಂತಲೂ ಹಿರಿದು. ದೇಹಕ್ಕೆ ಆಮ್ಲಜನಕದ ಕೊರತೆಯೆಂದರೆ ಒಂದೇ ಬಗೆಯದಲ್ಲ, ಮೂರು ಬಗೆಯದೆಂದು ಅವರು ವಿಂಗಡಿಸಿದರು. ಶ್ವಾಸಕೋಶದಲ್ಲಿ ರಕ್ತ ಸರಿಯಾಗಿ ತುಂಬಿಕೊಳ್ಳದಿರುವುದು ಒಂದು. ತುಂಬಿಕೊಳ್ಳಲು ಹಿಮೋಗ್ಲೋಬಿನ್ನೇ ಸಾಲದಿರುವುದು ಇನ್ನೊಂದು. ರಕ್ತ ಸರಿಯಾಗಿದ್ದರೂ ಅದರ ಹರಿವು ಮಂದವಾಗಿರುವುದು ಮತ್ತೊಂದು. ಒಂದು ಗ್ರಾಂ ಹಿಮೋಗ್ಲೋಬಿನ್ ಸುಮಾರು 1.34 ಮಿಲಿಲೀಟರ್ ಆಮ್ಲಜನಕವನ್ನು ಹೊರಬಲ್ಲದು. 100 ಮಿಲಿಲೀಟರ್ ರಕ್ತದಲ್ಲಿ 15 ಗ್ರಾಂ ಇದ್ದರೆ 20 ಮಿಲಿಲೀಟರ್ ಆಮ್ಲಜನಕ. ಏಳೂವರೆ ಗ್ರಾಂ ಇದ್ದರೆ ಅದರರ್ಧ. ಎರಡನೆಯವರ ಅನಿಲಪರೀಕ್ಷೆಯ ಚೀಟಿಯಲ್ಲಿ ಆಮ್ಲಜನಕದ ಒತ್ತಡ ಪಾದರಸದ 80ರಿಂದ 100 ಮಿಲಿಮೀಟರಿನ ನಡುವೆ, ಅಂದರೆ ನಿರ್ದುಷ್ಟವಾಗಿಯೇ ಕಾಣಬಹುದು. ಗಾಡಿಗಳೆಲ್ಲ ತುಂಬಿವೆ, ಆದರೆ ಗಾಡಿಗಳೇ ಅರ್ಧದಷ್ಟು! ಶ್ವಾಸಕೋಶದ ರೋಗದಲ್ಲಿ ಇದಕ್ಕೆ ವಿಪರೀತ: ಹಿಮೋಗ್ಲೋಬಿನ್ ಸಾಕಷ್ಟಿದ್ದರೂ ಒತ್ತಡ ಕುಸಿದಿರುತ್ತದೆ. ಆ ಒತ್ತಡ 60ಕ್ಕೆ ಇಳಿಯುವ ತನಕ ಹಿಮೋಗ್ಲೋಬಿನ್ ಶೇಕಡಾ 90ರಷ್ಟನ್ನು ಹಿಡಿದುಕೊಂಡೇ ಇರುತ್ತದೆ. ಅನಂತರದ ಇಳಿತ ಕಡಿದಾದುದು. ಒಂದೇ ಅಂಕಿಯನ್ನು ನೋಡಿ ನೆಮ್ಮದಿ ತಾಳುವುದು ಅಪಾಯವೆಂಬುದು ಇದರಿಂದಲೇ. ಅದೇ ಚೀಟಿಯಲ್ಲಿ ಬರುವ ಇಂಗಾಲದ ಡೈ ಆಕ್ಸೈಡಿನ ಒತ್ತಡ, ಸಾಮಾನ್ಯವಾಗಿ 35ರಿಂದ 45, ಉಸಿರಾಟ ಸಾಕಷ್ಟು ನಡೆಯುತ್ತಿದೆಯೇ ಎಂಬುದನ್ನು ಹೇಳುತ್ತದೆ; 7.35ರಿಂದ 7.45ರೊಳಗಿರಬೇಕಾದ ಪಿಎಚ್, ರಕ್ತದ ಆಮ್ಲಕ್ಷಾರ ಸಮತೋಲವನ್ನು. ಇವನ್ನು ಕೆಲವೇ ನಿಮಿಷಗಳಲ್ಲಿ ಅಳೆಯುವ ಎಲೆಕ್ಟ್ರೋಡ್ ಯಂತ್ರಗಳು ರೂಪುಗೊಂಡದ್ದು 1950ರ ದಶಕದಿಂದೀಚೆಗೆ.

ತಮ್ಮ ದೇಹವನ್ನೇ ಒರೆಗೆ ಹಚ್ಚುವುದು ಬಾರ್‌ಕ್ರಾಫ್ಟರ ಸ್ವಭಾವ. ಕ್ವೇಕರರು ಯುದ್ಧವನ್ನು ಒಪ್ಪದವರಾದರೂ, ಮೊದಲನೆಯ ಮಹಾಯುದ್ಧದಲ್ಲಿ ಅವರು ವಿಷಾನಿಲಗಳ ಸಂಶೋಧನೆಗೆ ನಿಂತರು. ಒಮ್ಮೆ ಮುಖವಾಡವಿಲ್ಲದೆ, ನಾಯಿಯೊಂದರ ಜೊತೆ ಹೈಡ್ರೋಜನ್ ಸಯನೈಡ್ ತುಂಬಿದ ಕೋಣೆಯನ್ನು ಪ್ರವೇಶಿಸಿದರು. ನಾಯಿ ಪ್ರಜ್ಞೆತಪ್ಪಿ ಬಿತ್ತು. ಅವರು ನಡೆದೇ ಹೊರಬಂದರು. ಸತ್ತಿತೆಂದುಕೊಂಡ ನಾಯಿಯೂ ಮರುದಿನ ಎದ್ದು ಓಡಾಡಿತು.

1921-22ರಲ್ಲಿ ಅವರು ಪೆರು ದೇಶದ ಸೆರ್ರೋ ದೆ ಪಾಸ್ಕೋ ಎಂಬ ಗಣಿಯೂರಿಗೆ ತಂಡವೊಂದನ್ನು ಕರೆದೊಯ್ದರು. ಆ ಊರಿನ ಎತ್ತರ 4,300 ಮೀಟರಿನಷ್ಟು. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಅಲ್ಲಿಯ ನಿವಾಸಿಗಳ ಅಪಧಮನಿಯ ರಕ್ತ ಪೂರ್ತಿ ತುಂಬಿರಲಿಲ್ಲ. ಆದರೆ ಕೆಂಪು ಕಣಗಳೂ ಹಿಮೋಗ್ಲೋಬಿನ್ನೂ ಹೆಚ್ಚಿದ್ದವು. ಒಂದರ ಕೊರತೆಯನ್ನು ದೇಹ ಇನ್ನೊಂದರಿಂದ ತುಂಬಿಕೊಂಡಿತ್ತು. ಇಷ್ಟನ್ನು ಕಂಡೂ, ಎತ್ತರದ ನಿವಾಸಿಗಳು ಶಕ್ತಿಯಲ್ಲಿಯೂ ಬುದ್ಧಿಯಲ್ಲಿಯೂ ಕುಂದಿದವರೆಂದು ಬಾರ್‌ಕ್ರಾಫ್ಟರು ಬರೆದದ್ದು ಅವರ ಕೀರ್ತಿಗೆ ತಕ್ಕುದಾಗಿರಲಿಲ್ಲ. ಪೆರುವಿನ ವೈದ್ಯ ಕಾರ್ಲೋಸ್ ಮೊಂಗೆ ಅದನ್ನು ಬಲವಾಗಿ ಖಂಡಿಸಿ, ಆ ಜನರ ಹೊಂದಾಣಿಕೆಯನ್ನು ತಮ್ಮ ಅಧ್ಯಯನಗಳಿಂದಲೇ ತೋರಿಸಿಕೊಟ್ಟರು.

1925ರಲ್ಲಿ ಪ್ರಾಧ್ಯಾಪಕ ಪೀಠವೂ 1935ರಲ್ಲಿ ಸರ್ ಪದವಿಯೂ ಬಾರ್‌ಕ್ರಾಫ್ಟರಿಗೆ ದೊರೆತವು. 1937ರಲ್ಲಿ ಪೀಠದಿಂದ ನಿವೃತ್ತರಾದ ಮೇಲೂ ಪ್ರಯೋಗಶಾಲೆಯನ್ನು ತೊರೆಯಲಿಲ್ಲ. ಅಲ್ಪ ಒತ್ತಡದ ಆಮ್ಲಜನಕದಲ್ಲಿಯೇ ಗರ್ಭಸ್ಥ ಶಿಶು ಹೇಗೆ ಬದುಕುತ್ತದೆಂಬುದನ್ನು ಗಬ್ಬದ ಕುರಿಗಳಲ್ಲಿ ಅಭ್ಯಸಿಸುತ್ತಿದ್ದ ಅವರು, 1947ರ ಮಾರ್ಚ್ 21ರಂದು, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕೇಂಬ್ರಿಜ್ಜಿನಲ್ಲಿ ಹಠಾತ್ತನೆ ನಿಧನರಾದರು.