ವೇಗದೇವತೆಗೆ ಕಾಣಿಕೆ ಸಲ್ಲಿಸಿದ ಬರ್ಟ್ ಮನ್ರೊ

ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿರುವ ಇನ್ವರ್ಕಾರ್ಗಿಲ್ ಪಟ್ಟಣದ ಒಂದು ಚಿಕ್ಕ ಶೆಡ್ಡಿನಲ್ಲಿ ವಿಚಿತ್ರವಾದ ಹಲಗೆಯೊಂದಿತ್ತು. ಅದರ ಮೇಲೆ ಒಡೆದ ಪಿಸ್ಟನ್ನುಗಳು, ತುಂಡಾದ ಕನೆಕ್ಟಿಂಗ್ ರಾಡುಗಳು, ಸುಟ್ಟು ಕರಕಲಾದ ಎಂಜಿನ್ ಭಾಗಗಳು ಸಾಲಾಗಿ ಕುಳಿತಿದ್ದವು. ಅವೆಲ್ಲ ವೇಗದೇವತೆಗೆ ಸಲ್ಲಿಸಿದ ಕಾಣಿಕೆಗಳು ಎಂಬರ್ಥದ ಬರಹವೂ ಅಲ್ಲಿತ್ತು. ಬೇರೆಯವರು ಗುಜರಿಗೆ ಹಾಕುವ ವಸ್ತುಗಳನ್ನು ಪೂಜಾದ್ರವ್ಯದಂತೆ ಜೋಡಿಸಿಟ್ಟಿದ್ದ ಆ ಶೆಡ್ಡಿನ ಒಡೆಯನ ಹೆಸರು ಹರ್ಬರ್ಟ್ ಜೇಮ್ಸ್ ಮನ್ರೊ. ಜಗತ್ತಿಗೆ ಅವರು ಬರ್ಟ್ ಮನ್ರೊ.

1920ರಲ್ಲಿ ಕೊಂಡ ಒಂದೇ ಒಂದು ಮೋಟಾರ್ ಸೈಕಲ್ಲನ್ನು ಮನೆಯಲ್ಲೇ ಬಿಚ್ಚಿ, ಕಟ್ಟಿ, ತಿದ್ದಿ, ತೀಡಿ, 1967ರಲ್ಲಿ ಅದೇ ಬಂಡಿಯ ಮೇಲೆ ವಿಶ್ವದಾಖಲೆ ಬರೆದ ಅಪರೂಪದ ಸಾಧಕ ಈತ. ಆ ದಿನ ಸವಾರನ ವಯಸ್ಸು 68, ಬಂಡಿಯ ವಯಸ್ಸು 47. ಮೂಲತಃ ಗಂಟೆಗೆ ಸುಮಾರು 89 ಕಿಲೋಮೀಟರ್ ಓಡಬಲ್ಲ ಬಂಡಿ ಅಂದು 296 ಕಿಲೋಮೀಟರ್ ವೇಗವನ್ನು ಮುಟ್ಟಿತ್ತು. ಆ ಎರಡು ಅಂಕಿಗಳ ನಡುವೆ ಒಬ್ಬ ಮನುಷ್ಯನ ಇಡೀ ಬದುಕೇ ಸಂದುಹೋಗಿದೆ.

ಬದುಕುವುದಿಲ್ಲವೆಂದ ಮಗು

ಬರ್ಟ್ ಹುಟ್ಟಿದ್ದು 1899ರ ಮಾರ್ಚ್ 25ರಂದು. ಜತೆಗೆ ಹುಟ್ಟಿದ ಅವಳಿ ಸೋದರಿ ಹುಟ್ಟುವಾಗಲೇ ತೀರಿಕೊಂಡಳು. ಉಳಿದ ಈ ಮಗುವೂ ಎರಡು ವರ್ಷ ದಾಟುವುದು ಕಷ್ಟವೆಂದು ವೈದ್ಯರು ಹೆತ್ತವರಿಗೆ ತಿಳಿಸಿದ್ದರಂತೆ. ಆ ಭವಿಷ್ಯವಾಣಿಯನ್ನು ಸುಳ್ಳು ಮಾಡಿ ಮಗು ಬೆಳೆಯಿತು. ಇನ್ವರ್ಕಾರ್ಗಿಲ್ ಬಳಿಯ ಎಡೆಂಡೇಲಿನಲ್ಲಿ ತಂದೆಯ ಹೊಲವಿತ್ತು. ಕುದುರೆ ಸವಾರಿಯಲ್ಲೂ ವೇಗವನ್ನೇ ಬಯಸುತ್ತಿದ್ದ ಹುಡುಗನಿಗೆ ಹೊಲದ ದಿನಚರಿ ಒಗ್ಗಲಿಲ್ಲ.

ಮೊದಲ ಮಹಾಯುದ್ಧ ಮುಗಿದು ಕುಟುಂಬದ ಹೊಲ ಮಾರಾಟವಾದ ಮೇಲೆ ಬರ್ಟ್ ಕೆಲಕಾಲ ಒಟೀರಾ ರೈಲ್ವೆ ಸುರಂಗದ ಕಾಮಗಾರಿಯಲ್ಲಿ ದುಡಿದರು. ತಂದೆ ಮತ್ತೊಂದು ಹೊಲ ಕೊಂಡಾಗ ಮರಳಿ ಬಂದರು. ಅಷ್ಟರಲ್ಲಾಗಲೇ ಅವರಿಗೆ ಬಂಡಿಯ ಹುಚ್ಚು ಹಿಡಿದಿತ್ತು. ಹದಿನಾರನೆಯ ವಯಸ್ಸಿನಲ್ಲಿ ಬ್ರಿಟಿಷ್ ತಯಾರಿಕೆಯ ಡಗ್ಲಸ್ ಬಂಡಿಯನ್ನು ಕೊಂಡಿದ್ದರು. 1919ರಲ್ಲಿ ಪಕ್ಕದ ತೊಟ್ಟಿಲಿದ್ದ ಕ್ಲೈನೊ ಬಂಡಿ ಬಂದಿತು. ಬರ್ಟ್ ಮಾಡಿದ ಮೊದಲ ಕೆಲಸವೆಂದರೆ ಆ ತೊಟ್ಟಿಲನ್ನು ಕಳಚಿಟ್ಟು ಬಂಡಿಯನ್ನು ಪಂದ್ಯಕ್ಕೆ ಇಳಿಸಿದ್ದು. ಕೊಂಡ ವಸ್ತುವನ್ನು ಇದ್ದ ಹಾಗೆಯೇ ಬಿಡಲಾರದ ಸ್ವಭಾವ ಅಲ್ಲಿಯೇ ಮೊಳೆತಿತ್ತು.

1920ರಲ್ಲಿ ಬಂದದ್ದು ಇಂಡಿಯನ್ ಸ್ಕೌಟ್. ಹೆಸರಿನಲ್ಲಿ ಇಂಡಿಯನ್ ಎಂದಿದ್ದರೂ ಈ ಬಂಡಿಗೂ ಭಾರತಕ್ಕೂ ನಂಟಿಲ್ಲ. ಅದು ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ತಯಾರಾಗುತ್ತಿತ್ತು. ಐರ್ಲೆಂಡ್ ಮೂಲದ ಚಾರ್ಲ್ಸ್ ಫ್ರಾಂಕ್ಲಿನ್ ಅದರ ವಿನ್ಯಾಸಕಾರ. ವಿ ಆಕಾರದಲ್ಲಿ ಜೋಡಿಸಿದ ಎರಡು ಸಿಲಿಂಡರುಗಳು, ಸುಮಾರು 600 ಸಿ.ಸಿ. ಸಾಮರ್ಥ್ಯ, ಕೈಯಿಂದ ಬದಲಿಸುವ ಮೂರು ಗೇರು. ಆ ಕಾಲಕ್ಕೆ ಗಟ್ಟಿಮುಟ್ಟಾದ, ನಂಬಿಕೆಯ ಬಂಡಿಯೆಂದು ಹೆಸರಾಗಿತ್ತು. ಅದರ ಎಂಜಿನ್ ಸಂಖ್ಯೆ 50ಆರ್627. ಬರ್ಟ್ ಅದನ್ನು ಬದುಕಿನ ಕೊನೆಗಾಲದವರೆಗೂ ಬಿಡಲಿಲ್ಲ.

ಶೆಡ್ಡಿನೊಳಗಿನ ಕಾರ್ಖಾನೆ

1926ರಲ್ಲಿ ಬರ್ಟ್ ಸ್ಕೌಟನ್ನು ಬದಲಾಯಿಸಲು ಆರಂಭಿಸಿದರು. ಅವರಲ್ಲಿ ಹಣವಿರಲಿಲ್ಲ. ದುಬಾರಿ ಯಂತ್ರೋಪಕರಣಗಳ ಕಾರ್ಯಾಗಾರವಿರಲಿಲ್ಲ. ಬೇಕಾದ ಭಾಗ ಸಿಗದಿದ್ದರೆ ತಾವೇ ಮಾಡಿಕೊಳ್ಳುವುದೊಂದೇ ದಾರಿಯಾಗಿತ್ತು. ಹಳೆಯ ತಗಡಿನ ಡಬ್ಬಿಗಳನ್ನು ಅಚ್ಚಾಗಿಸಿ ಕರಗಿಸಿದ ಲೋಹವನ್ನು ಎರೆದು ಪಿಸ್ಟನ್ ತಯಾರಿಸಿದರು. ಹಳೆಯ ಕೊಳವೆಗಳಿಂದ ಸಿಲಿಂಡರ್ ಮಾಡಿದರು. ಟ್ರ್ಯಾಕ್ಟರಿನ ಅಚ್ಚುಗಂಬಿಯ ಉಕ್ಕನ್ನು ಕೊರೆದು, ಉಜ್ಜಿ ಕನೆಕ್ಟಿಂಗ್ ರಾಡುಗಳನ್ನಾಗಿಸಿದರು. ಅಳತೆ ನೋಡುವುದಕ್ಕೆ ಮೈಕ್ರೋಮೀಟರ್ ಬದಲು ಚಕ್ರದ ಹಳೆಯ ಕಡ್ಡಿಯೊಂದನ್ನು ಬಳಸಿದರು. ಫ್ಲೈವೀಲ್, ಕ್ಯಾಮ್, ಎಣ್ಣೆ ಹರಿಯುವ ವ್ಯವಸ್ಥೆ ಎಲ್ಲವೂ ಅದೇ ಕೈಗಳಲ್ಲಿ ರೂಪುಗೊಂಡವು.

ಅವರ ಮಾರ್ಪಾಡು ಬಣ್ಣ ಬಳಿಯುವುದಕ್ಕೋ ಅಲಂಕಾರಕ್ಕೋ ಸೀಮಿತವಾದುದಲ್ಲ. ಸ್ಕೌಟಿನ ಮೂಲ ಎಂಜಿನ್ನಿನಲ್ಲಿ ವಾಲ್ವುಗಳು ಸಿಲಿಂಡರಿನ ಪಕ್ಕದಲ್ಲಿದ್ದವು. ಒಳಗೆ ಬರುವ ಇಂಧನ ಮಿಶ್ರಿತ ಗಾಳಿ ಬಳಸಿಕೊಂಡು ಬರಬೇಕಿತ್ತು. ಹೊಗೆಯೂ ಹಾಗೆಯೇ ಬಳಸಿಕೊಂಡು ಹೋಗಬೇಕಿತ್ತು. ಎಂಜಿನ್ನು ಸಲೀಸಾಗಿ ಉಸಿರಾಡದಿದ್ದರೆ ವೇಗ ಹೆಚ್ಚುವುದಾದರೂ ಹೇಗೆ? ಬರ್ಟ್ ವಾಲ್ವುಗಳನ್ನು ಸಿಲಿಂಡರಿನ ನೆತ್ತಿಯ ಮೇಲೆ ಕೂರಿಸಿ, ಅವನ್ನು ತೆರೆದು ಮುಚ್ಚುವ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿದರು. ವರ್ಷಗಳು ಕಳೆದಂತೆ ಸಿಲಿಂಡರುಗಳು ಹಿಗ್ಗುತ್ತ ಹೋದವು. 600 ಸಿ.ಸಿ. ಎಂಜಿನ್ನು ಕೊನೆಗೆ 900 ಸಿ.ಸಿ.ಯನ್ನೂ ದಾಟಿತು.

ಆದರೆ ಒಂದು ಭಾಗವನ್ನು ಬಲಪಡಿಸಿದರೆ ಅದರ ಭಾರವೆಲ್ಲ ಪಕ್ಕದ ಭಾಗದ ಮೇಲೆ ಬೀಳುತ್ತದೆ. ಪಿಸ್ಟನ್ ಗಟ್ಟಿಯಾದರೆ ರಾಡು ಮುರಿಯುತ್ತದೆ. ರಾಡು ಗಟ್ಟಿಯಾದರೆ ಬೇರಿಂಗ್ ಕೈಕೊಡುತ್ತದೆ. ಹೀಗೆ ಎಂಜಿನ್ನು ಎಷ್ಟು ಸಲ ಸಿಡಿಯಿತೋ ಲೆಕ್ಕವಿಲ್ಲ. ಪ್ರತಿ ಸಲವೂ ಬರ್ಟ್ ಮುರಿದ ಚೂರನ್ನು ಹಲಗೆಯ ಮೇಲಿಟ್ಟು ಮತ್ತೆ ಒಲೆ ಹೊತ್ತಿಸುತ್ತಿದ್ದರು. ಮುಂದೆ ಯಾವುದನ್ನು ತಿದ್ದಬೇಕೆಂಬುದನ್ನು ಅವರಿಗೆ ಹೇಳಿಕೊಟ್ಟದ್ದು ಆ ಮುರಿದ ಚೂರುಗಳೇ. ಕಲಿಸುವ ಗುರುವಿಲ್ಲದ ಕಡೆ ಸೋಲನ್ನೇ ಗುರುವಾಗಿಸಿಕೊಂಡ ಏಕಲವ್ಯ ಅವರು.

ಮನೆ ತೆತ್ತ ಬೆಲೆ

ಇಂಥ ತಪಸ್ಸಿಗೆ ಹಗಲು ಸಾಲುತ್ತಿರಲಿಲ್ಲ. ಬರ್ಟ್ ಕೆಲಕಾಲ ವೃತ್ತಿಪರ ಸ್ಪೀಡ್‌ವೇ ಸವಾರರಾಗಿ ಆಸ್ಟ್ರೇಲಿಯಾದಲ್ಲೂ ಪಂದ್ಯಗಳಲ್ಲಿ ಓಡಿದ್ದರು. ಜಾಗತಿಕ ಆರ್ಥಿಕ ಕುಸಿತ ಬಂದಾಗ ಊರಿಗೆ ಮರಳಿದರು. ಅಲ್ಲಿ ಮೋಟಾರ್ ಸೈಕಲ್ ಮಾರಾಟಗಾರನಾಗಿ, ಮೆಕ್ಯಾನಿಕ್ಕಾಗಿ ದುಡಿದರು. ಹಗಲು ಹೊಟ್ಟೆಪಾಡು, ರಾತ್ರಿ ಶೆಡ್ಡು. ಕೆಲಸಕ್ಕೆ ಹೋಗುವ ಹೊತ್ತಾಗುವವರೆಗೂ ಎಷ್ಟೋ ರಾತ್ರಿಗಳು ಅಲ್ಲಿಯೇ ಕಳೆಯುತ್ತಿದ್ದವು.

1927ರಲ್ಲಿ ಅವರ ಮದುವೆ ಬೆರಿಲ್ ಅವರೊಂದಿಗೆ ನಡೆದಿತ್ತು. ನಾಲ್ವರು ಮಕ್ಕಳಾದರು. ಆದರೆ ಆ ಸಂಸಾರ ನಿಲ್ಲಲಿಲ್ಲ. 1947ರಲ್ಲಿ ದಂಪತಿ ಕಾನೂನುಬದ್ಧವಾಗಿ ಬೇರೆಯಾದರು. ಆನಂತರ ಬರ್ಟ್ ನೌಕರಿಯನ್ನೂ ಬಿಟ್ಟರು. ಗ್ಯಾರೇಜೇ ಅವರ ಮನೆಯಾಯಿತು. ಮಲಗುವ ಹಾಸಿಗೆ, ಅಡುಗೆ, ಕೆಲಸದ ಮೇಜು, ಬಂಡಿ ಎಲ್ಲವೂ ಒಂದೇ ಸೂರಿನಡಿ. ಇಂಡಿಯನ್ ಜತೆಗೆ ಒಂದು ವೆಲೊಸೆಟ್ ಬಂಡಿಯೂ ಅಲ್ಲಿ ಅವರ ಆರೈಕೆ ಪಡೆಯುತ್ತಿತ್ತು. ದಿನಕ್ಕೆ 16 ಗಂಟೆ ದುಡಿಮೆ ನಡೆಯುತ್ತಿತ್ತು.

ಸಾಧಕರ ಬದುಕನ್ನು ಹೊಗಳುವಾಗ ನಾವು ಈ ಪುಟವನ್ನು ಬೇಗನೆ ಮಗುಚಿಬಿಡುತ್ತೇವೆ. ಆದರೆ ಹಲಗೆಯ ಮೇಲೆ ಕಾಣದ ಕಾಣಿಕೆಯೊಂದಿತ್ತು. ಹೆಂಡತಿ, ಮಕ್ಕಳೊಂದಿಗೆ ಕಳೆಯಬೇಕಾಗಿದ್ದ ಸಂಜೆಗಳನ್ನೂ ವೇಗದೇವತೆ ಸ್ವೀಕರಿಸಿದ್ದಳು. ಬರ್ಟ್ ಅವರ ಸಾಧನೆ ದೊಡ್ಡದು ಎಂಬುದು ಎಷ್ಟು ನಿಜವೋ, ಅದರ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ ಎಂಬುದೂ ಅಷ್ಟೇ ನಿಜ.

ಉಪ್ಪಿನ ಬಯಲಿನಲ್ಲಿ

ಬರ್ಟ್ ತಮ್ಮ ದೇಶದ ಮೊದಲ ವೇಗದಾಖಲೆ ಬರೆದದ್ದು 1938ರಲ್ಲಿ. ಇನ್ವರ್ಕಾರ್ಗಿಲ್ ಸಮೀಪದ ಒರೆಟಿ ಕಡಲತೀರದ ಗಟ್ಟಿಮರಳು ಅವರ ಪರೀಕ್ಷಾಕಣವಾಗಿತ್ತು. ಆದರೆ ಬಂಡಿಯ ವೇಗ ಹೆಚ್ಚಿದಂತೆ ಆ ತೀರ ಸಾಲದಾಯಿತು. ಅವರ ಕಣ್ಣು ಅಮೆರಿಕದ ಯೂಟಾ ರಾಜ್ಯದ ಬಾನ್ವಿಲ್ ಉಪ್ಪಿನ ಬಯಲಿನ ಮೇಲೆ ನೆಟ್ಟಿತು. ಪುರಾತನ ಸರೋವರವೊಂದು ಬತ್ತಿ ಉಳಿದ ಆ ಬಿಳಿಯ ಬಯಲು ಹಾಸುಗಲ್ಲಿನಷ್ಟು ಸಮತಟ್ಟು. ವೇಗದ ಹುಚ್ಚಿನವರಿಗೆ ಅದು ಕಾಶಿ ಇದ್ದಂತೆ.

ಬರ್ಟ್ ಅಲ್ಲಿಗೆ ಹತ್ತು ಬಾರಿ ಹೋದರು. ಮೊದಲ ಸಲ ಹೋದದ್ದು ನೋಡುವುದಕ್ಕೆ ಮಾತ್ರ. ಅಷ್ಟರಲ್ಲಿ ಎದೆನೋವಿನ ಕಾಯಿಲೆ ಕಾಣಿಸಿಕೊಂಡಿತ್ತು. 1962ರಲ್ಲಿ, 63ನೆಯ ವಯಸ್ಸಿನಲ್ಲಿ, 883 ಸಿ.ಸಿ. ವರ್ಗದಲ್ಲಿ ಗಂಟೆಗೆ 288 ಕಿಲೋಮೀಟರ್ ವೇಗದ ದಾಖಲೆ ಅವರದಾಯಿತು. 1966ರಲ್ಲಿ 1000 ಸಿ.ಸಿ. ವರ್ಗದಲ್ಲಿ 270 ಕಿಲೋಮೀಟರ್ ವೇಗದ ಮತ್ತೊಂದು ದಾಖಲೆ ಬಂದಿತು.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ವೇಗ ಎರಡು ಪಟ್ಟಾದರೆ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿ ಎಂಟು ಪಟ್ಟಾಗುತ್ತದೆ. 89 ಕಿಲೋಮೀಟರ್ ವೇಗದ ಬಂಡಿ 296ಕ್ಕೆ ಏರಬೇಕಾದರೆ, ಅದರ ಆಕಾರ ಬದಲಾಗದಿದ್ದಲ್ಲಿ, ಗಾಳಿಯ ವಿರುದ್ಧವೇ 35 ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಎಂಜಿನ್ನೊಂದನ್ನೇ ತಿದ್ದಿ ಅಷ್ಟನ್ನು ಪಡೆಯಲಾಗದು. ಹಾಗಾಗಿಯೇ ಬರ್ಟ್ ಬಂಡಿಗೆ ಮೀನಿನ ಮೈಯಂಥ ನೀಳವಾದ ಹೊದಿಕೆಯನ್ನು ರೂಪಿಸಿದರು. ಅದರೊಳಗೆ ಬೋರಲಾಗಿ ಮಲಗಿದಂತೆ ಕುಳಿತು ಸವಾರಿ ಮಾಡಬೇಕಿತ್ತು.

ಹೊದಿಕೆ ವೇಗವನ್ನು ಕೊಟ್ಟಿತು, ಅಪಾಯವನ್ನೂ ತಂದಿತು. ಅತಿವೇಗದಲ್ಲಿ ಬಂಡಿ ಅತ್ತಿತ್ತ ಓಲಾಡತೊಡಗುತ್ತಿತ್ತು. 1967ರ ಒಂದು ಓಟದಲ್ಲಿ ಹೀಗೆಯೇ ಆಯಿತು. ವೇಗ ತಗ್ಗಿಸಲೆಂದು ಬರ್ಟ್ ಹೊದಿಕೆಯಿಂದ ಮೇಲೆದ್ದರು. ಗಾಳಿಯ ಹೊಡೆತಕ್ಕೆ ಕಣ್ಣಿನ ಕನ್ನಡಕ ಹಾರಿಹೋಯಿತು. ಕಣ್ಣು ಬಿಡಲಾಗಲಿಲ್ಲ. ದಾರಿ ಕಾಣದಾಯಿತು. ಉಕ್ಕಿನ ಗುರುತುಕಂಬವೊಂದು ಕೂದಲೆಳೆಯಲ್ಲಿ ತಪ್ಪಿತು. ಕಡೆಗೆ ಬಂಡಿಯನ್ನು ಉಪ್ಪಿನ ಮೇಲೆ ಮಗ್ಗುಲಾಗಿ ಕೆಡವಿದರು. ತರಚು ಗಾಯಗಳಷ್ಟೇ ಆದವು.

ಅದೇ 1967ರ ಬಾನ್ವಿಲ್‌ನಲ್ಲಿ 1000 ಸಿ.ಸಿ.ಗಿಂತ ಕೆಳಗಿನ ವರ್ಗದಲ್ಲಿ ಅವರ ಅತಿ ದೊಡ್ಡ ದಾಖಲೆ ನೋಂದಾಯಿತವಾಯಿತು. ದಾಖಲೆಗೆ ಒಂದೇ ಓಟ ಸಾಲದು. ಎದುರುಬದುರು ದಿಕ್ಕಿನಲ್ಲಿ ಎರಡು ಓಟ ಓಡಿ, ಅವುಗಳ ಸರಾಸರಿ ತೆಗೆಯಬೇಕು. ಆ ಸರಾಸರಿ ಗಂಟೆಗೆ 183.586 ಮೈಲಿ ಎಂದು ಬರೆದುಕೊಳ್ಳಲಾಯಿತು. ಅದಕ್ಕೂ ಮೊದಲಿನ ಅರ್ಹತಾ ಓಟದಲ್ಲಿ, ಒಂದೇ ದಿಕ್ಕಿನಲ್ಲಿ, ಬಂಡಿ 190 ಮೈಲಿಯನ್ನು, ಅಂದರೆ 305 ಕಿಲೋಮೀಟರನ್ನು ದಾಟಿತ್ತು. ಈ ಬಂಡಿಯನ್ನು ತಯಾರಿಸಿದ ಕಂಪನಿಯೇ 1953ರಲ್ಲಿ ತಯಾರಿಕೆ ನಿಲ್ಲಿಸಿತ್ತು. ಹೆತ್ತ ಕಾರ್ಖಾನೆ ಮುಚ್ಚಿದ 14 ವರ್ಷಗಳ ಬಳಿಕ, ಒಂದು ಶೆಡ್ಡು ಅದರ ಹೆಸರನ್ನು ದಾಖಲೆ ಪುಸ್ತಕಕ್ಕೆ ಸೇರಿಸಿತು.

ಮಗ ತಿದ್ದಿದ ಲೆಕ್ಕ

ವಯಸ್ಸು ಮತ್ತು ಹೃದಯ ಮುಂದೆ ಸಹಕರಿಸಲಿಲ್ಲ. ಕೊನೆಗಾಲದಲ್ಲಿ ಬರ್ಟ್ ತಮ್ಮ ಬಂಡಿಗಳನ್ನು ಊರಿನವರೇ ಆದ ವ್ಯಾಪಾರಿಗೆ ಒಪ್ಪಿಸಿದರು. ಅವು ಊರಲ್ಲೇ ಉಳಿಯಲಿ ಎಂಬುದು ಅವರ ಆಸೆಯಾಗಿತ್ತು. 1978ರ ಜನವರಿ 6ರಂದು, 78ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಎರಡು ವರ್ಷ ಬದುಕಲಾರದೆಂದು ವೈದ್ಯರು ಕೈಬಿಟ್ಟಿದ್ದ ಮಗು ಹೀಗೆ ತುಂಬುಬಾಳು ಬಾಳಿ ಹೋಯಿತು. ಅವರ ಇಂಡಿಯನ್ ಇನ್ವರ್ಕಾರ್ಗಿಲ್‌ನ ಇ. ಹೇಯ್ಸ್ ಎಂಬ ಯಂತ್ರೋಪಕರಣ ಮಳಿಗೆಯಲ್ಲಿ ಪ್ರದರ್ಶನಕ್ಕೆ ನಿಂತಿತು. ಮೊಳೆ, ಸುತ್ತಿಗೆ, ಸ್ಪ್ಯಾನರುಗಳ ನಡುವೆ ಅದಕ್ಕೆ ದೊರೆತ ಜಾಗ ವಸ್ತುಸಂಗ್ರಹಾಲಯಕ್ಕಿಂತಲೂ ಯೋಗ್ಯವಾದುದು ಎನ್ನಬೇಕು.

2005ರಲ್ಲಿ ರೋಜರ್ ಡೊನಾಲ್ಡ್‌ಸನ್ ನಿರ್ದೇಶಿಸಿದ ಚಿತ್ರದಲ್ಲಿ ಆಂಥೊನಿ ಹಾಪ್ಕಿನ್ಸ್ ಬರ್ಟ್ ಪಾತ್ರವನ್ನು ನಿರ್ವಹಿಸಿದರು. ಹಲವು ಯಾತ್ರೆಗಳನ್ನು ಚಿತ್ರ ಒಂದೇ ಯಾತ್ರೆಯಾಗಿ ಹೆಣೆದಿದೆ. ಅದರಿಂದಾಗಿ ಬರ್ಟ್ ಹೆಸರು ಲೋಕಕ್ಕೆಲ್ಲ ತಿಳಿಯಿತು. 2006ರಲ್ಲಿ ಅಮೆರಿಕನ್ ಮೋಟಾರ್ ಸೈಕ್ಲಿಸ್ಟ್ ಸಂಘದ ಗೌರವಪಟ್ಟಿಯಲ್ಲೂ ಅವರಿಗೆ ಸ್ಥಾನ ದೊರೆಯಿತು.

ಕತೆ ಅಲ್ಲಿಗೇ ಮುಗಿಯಲಿಲ್ಲ. 1967ರ ದಾಖಲೆಯ ಹಳೆಯ ಲೆಕ್ಕವನ್ನು ಪರಿಶೀಲಿಸಿದ ಮಗ ಜಾನ್ ಮನ್ರೊ ಅದರಲ್ಲಿ ತಪ್ಪೊಂದನ್ನು ಕಂಡುಹಿಡಿದರು. ಎರಡು ಓಟಗಳ ಸರಾಸರಿಯನ್ನು ತೆಗೆಯುವಾಗಲೇ ಎಡವಟ್ಟಾಗಿತ್ತು. ಸರಿಯಾದ ಸರಾಸರಿ 184.087 ಮೈಲಿ, ಅಂದರೆ 296.26 ಕಿಲೋಮೀಟರ್. ಅಮೆರಿಕನ್ ಸಂಘ 2014ರಲ್ಲಿ ತಪ್ಪನ್ನು ಒಪ್ಪಿ ದಾಖಲೆಯನ್ನು ತಿದ್ದಿತು. ತಂದೆ ತೀರಿ 36 ವರ್ಷಗಳಾದ ಮೇಲೆ ಅವರ ವೇಗ ಇನ್ನೂ ಅರ್ಧ ಮೈಲಿ ಹೆಚ್ಚಿತು!

ಇಂದು ಬಂಡಿಯನ್ನು ಮನೆಯಲ್ಲೇ ಮಾರ್ಪಡಿಸುವವರಿಗೆ ಕೊರತೆಯಿಲ್ಲ. ದೂರಯಾತ್ರೆಯ ಸಾಹಸ ಬಂಡಿಗೆ ರಕ್ಷಣಾ ಕಂಬಿ, ಹೆಚ್ಚುವರಿ ದೀಪ, ಸಾಮಾನಿನ ಪೆಟ್ಟಿಗೆ ಎಲ್ಲವೂ ಅಂಗಡಿಯಲ್ಲೇ ಸಿಗುತ್ತವೆ. ಒಂದು ಭಾನುವಾರ ಸಾಕು, ಬಂಡಿಯ ರೂಪ ಬದಲಾಗುತ್ತದೆ. ಬರ್ಟ್ ಅವರಿಗೆ ಬೇಕಾದದ್ದು 40 ವರ್ಷ. ಅವರು ಬಂಡಿಗೆ ತೊಡಿಸಿದ್ದು ಹಣ ಕೊಟ್ಟು ಕೊಂಡ ಸಲಕರಣೆಗಳನ್ನಲ್ಲ, ತಮ್ಮ ಆಯುಷ್ಯವನ್ನು. ಅದು ಮೇಲ್ಪಂಕ್ತಿಯೋ ಎಚ್ಚರಿಕೆಯೋ ಎಂಬುದನ್ನು ಓದುಗರೇ ನಿರ್ಧರಿಸಬೇಕು. ಬಹುಶಃ ಎರಡೂ ಹೌದು. ಮನೆಗಿಂತ ಶೆಡ್ಡಿನಲ್ಲೇ ಹೆಚ್ಚು ಕಾಲ ಕಳೆದ ತಂದೆಯ ಬಿಟ್ಟುಹೋದ ಲೆಕ್ಕವನ್ನು ಕೂಡಿ, ಕಳೆದು, ಸರಿಪಡಿಸಿದ್ದು ಕೊನೆಗೂ ಅದೇ ಮನೆಯ ಮಗ.