ಮೈಕೇಲ್ ಫ್ಯಾರಡೇ ಮಹಾಶಯನ ಮೇಣದ ಬತ್ತಿ

ಫ್ಯಾರಡೇ ಮಹಾಶಯನು 1791ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಲಂಡನ್ನಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ಯೆ ಸಂಪಾದಿಸಿದನು. 1812ರಲ್ಲಿ ಗಿರಾಕಿಯೊಬ್ಬನು ದಯೆಯಿಂದ ಕೊಟ್ಟ ಟಿಕೆಟ್ಟುಗಳಿಂದ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿ ಪಂಡಿತನ ನಾಲ್ಕು ಉಪನ್ಯಾಸಗಳನ್ನು ಕೇಳಿದನು. ಅವುಗಳನ್ನು ಬರೆದಿಟ್ಟು, ತಾನೇ ರಟ್ಟು ಕಟ್ಟಿ ಪಂಡಿತನಿಗೆ ಕಳುಹಿಸಲು, ಮರುವರ್ಷ ಅಲ್ಲಿಯ ಪ್ರಯೋಗಶಾಲೆಯಲ್ಲಿಯೇ ಸಹಾಯಕನ ಕೆಲಸ ದೊರೆಯಿತು.

ಆ ನಾಲ್ಕು ಉಪನ್ಯಾಸಗಳ ಋಣವನ್ನು ಆತನು ಮಕ್ಕಳಿಗೆ ತೀರಿಸಿದನೆಂದು ನನ್ನ ಭಾವನೆ. 1827ರಿಂದ 1861ರ ವರೆಗೆ, 19 ಕ್ರಿಸ್ಮಸ್ ರಜೆಗಳಲ್ಲಿ, ಎಳೆಯರಿಗಾಗಿ ಉಪನ್ಯಾಸಮಾಲೆಗಳನ್ನು ನಡೆಸಿದನು. ಕಡೆಯ ಮಾಲೆಯ ಆರು ಉಪನ್ಯಾಸಗಳಿಗೂ ವಿಷಯವು ಬರಿಯ ಮೇಣದ ಬತ್ತಿ! ಉರಿಯ ಮೇಲೆ ತಣ್ಣನೆಯ ಪಾತ್ರೆಯನ್ನು ಹಿಡಿದು, ಬೆಂಕಿಯಿಂದಲೇ ಹುಟ್ಟಿದ ನೀರು ಅದರ ತಳದಲ್ಲಿ ಹನಿಗೂಡುವುದನ್ನು ಮಕ್ಕಳಿಗೆ ಕಣ್ಣಾರೆ ಕಾಣಿಸಿದನು. ಆಗ ಆತನಿಗೆ 69 ವರ್ಷ. ಜ್ಞಾಪಕಶಕ್ತಿಯು ಬಹಳವಾಗಿ ಕುಂದಿದ್ದಿತು.