ಗಡ್ಡದ ಕೂದಲು ಅಡವಿಟ್ಟ ಗವರ್ನರ್: ಮುಂಬೈ ಕಡಲನ್ನು ಅಳೆದು ಬರೆದ ಡಿ ಕ್ಯಾಸ್ಟ್ರೊ ಕಥೆ

ಮುಂಬೈನ ಗೇಟ್‌ವೇ ಆಫ್ ಇಂಡಿಯಾದಿಂದ ಲಾಂಚ್ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಎಲಿಫೆಂಟಾ ದ್ವೀಪ ಸಿಗುತ್ತದೆ. ನಾವು ಇಂದು ಸೆಲ್ಫಿ ತೆಗೆದುಕೊಳ್ಳುವ ಆ ಗುಹೆಯನ್ನು 1538-39ರಲ್ಲಿ ಪೋರ್ಚುಗೀಸನೊಬ್ಬ ಅಳತೆ ಮಾಡಿ ಬರೆದುಕೊಂಡಿದ್ದ. ಆತನೇ ಜೊವಾವ್ ಡಿ ಕ್ಯಾಸ್ಟ್ರೊ. ಭಾರತದ ಪಶ್ಚಿಮ ಕರಾವಳಿಯ ಅತ್ಯಂತ ಹಳೆಯ ವಿವರವಾದ ಸಮುದ್ರ ದಾಖಲೆಗಳಲ್ಲಿ ಒಂದು ಈತನದು.

1500ರಲ್ಲಿ ಲಿಸ್ಬನ್‌ನಲ್ಲಿ ಹುಟ್ಟಿದ ಡಿ ಕ್ಯಾಸ್ಟ್ರೊ, ರಾಜಕುಮಾರ ಲೂಯಿಸ್ ಜೊತೆಯಲ್ಲೇ ಗಣಿತ ಕಲಿತ. ಪಾಠ ಹೇಳಿದವನು ಆ ಕಾಲದ ದೊಡ್ಡ ಗಣಿತಜ್ಞ ಪೆಡ್ರೊ ನುನೆಸ್. ಆದರೆ ಹುಡುಗನ ಮನಸ್ಸೆಲ್ಲ ಯುದ್ಧದ ಮೇಲೆ. ಹದಿನೆಂಟನೇ ವಯಸ್ಸಿಗೇ ಮೊರಾಕೊದ ಟ್ಯಾಂಜಿಯರ್‌ಗೆ ಕಾದಾಡಲು ಹೋದ. ಪುಸ್ತಕ ಮತ್ತು ಕತ್ತಿಯ ನಡುವಿನ ಈ ಜಗ್ಗಾಟ ಅವನನ್ನು ಕೊನೆಯವರೆಗೂ ಬಿಡಲಿಲ್ಲ.

1538ರಲ್ಲಿ ಗೋವಾಕ್ಕೆ ಬಂದ. ಆಗ ಗುಜರಾತಿನ ದಿಯು ಕೋಟೆಗೆ ತುರ್ಕರು ಮುತ್ತಿಗೆ ಹಾಕಿದ್ದರು. ನೆರವಿಗೆಂದು ವೈಸರಾಯ್‌ನ ನೌಕಾಪಡೆ ಗೋವಾದಿಂದ ಹೊರಡುವಷ್ಟರಲ್ಲಿ ತುರ್ಕರು ಜಾಗ ಖಾಲಿ ಮಾಡಿದ್ದರು. ಒಂದು ರೀತಿಯಲ್ಲಿ ಅದೇ ಒಳ್ಳೆಯದಾಯಿತು. ಕಾದಾಡುವ ಅವಸರವಿಲ್ಲದ ಆ ತಿಂಗಳುಗಳಲ್ಲಿ ಡಿ ಕ್ಯಾಸ್ಟ್ರೊ ದಾರಿಯುದ್ದಕ್ಕೂ ಕರಾವಳಿಯನ್ನು ದಾಖಲಿಸುತ್ತಾ ಹೋದ. ಎಲ್ಲಿ ಎಷ್ಟು ಆಳ, ಬಂಡೆ ಎಲ್ಲಿದೆ, ನದಿ ಬಾಯಿಯ ಮರಳ ದಿಬ್ಬವನ್ನು ಹಡಗು ಹೇಗೆ ದಾಟಬೇಕು, ದೂರದಿಂದ ನೋಡಿದರೆ ಗುಡ್ಡ ಹೇಗೆ ಕಾಣುತ್ತದೆ, ಹೀಗೆ ಎಲ್ಲವನ್ನೂ ಬರೆದ. ಗೋವಾ, ದಾಭೋಲ್, ಚೌಲ್, ದಿಯು ಬಂದರುಗಳ ಚಿತ್ರಗಳೂ ಇದರಲ್ಲಿವೆ. ನೇರ ಮೇಲಿನಿಂದ ನೋಡಿದ ನಕ್ಷೆಗಳಲ್ಲ ಇವು. ಹಕ್ಕಿ ಹಾರುತ್ತಾ ಕಂಡಂತೆ ಹಡಗು, ಮನೆ, ಮರಗಳ ಸಮೇತ ಬಿಡಿಸಿದ ಚಿತ್ರಗಳು.

ವಸಾಯಿ ಬಳಿ ಒಂದು ವಿಚಿತ್ರ ಎದುರಾಯಿತು. ಅವನ ಬಳಿ ನುನೆಸ್ ರೂಪಿಸಿದ್ದ ನೆರಳಿನ ಉಪಕರಣವಿತ್ತು. ಬೆಳಗ್ಗೆ ಮತ್ತು ಮಧ್ಯಾಹ್ನದ ನಂತರ ಸೂರ್ಯ ಒಂದೇ ಎತ್ತರದಲ್ಲಿದ್ದಾಗ ಬೀಳುವ ಎರಡು ನೆರಳುಗಳ ನಡುವಿನ ಗೆರೆಯೇ ನಿಜವಾದ ಉತ್ತರ-ದಕ್ಷಿಣ. ದಿಕ್ಸೂಚಿಯ ಮುಳ್ಳು ಅದರಿಂದ ಎಷ್ಟು ಸರಿದಿದೆ ಎಂದು ಅಳೆಯಬಹುದು. ಇಲ್ಲಿ ಮಾತ್ರ ಸ್ವಲ್ಪ ಜಾಗ ಬದಲಿಸಿದರೂ ಲೆಕ್ಕ ತಪ್ಪುತ್ತಿತ್ತು. ಉಪಕರಣ ಕೆಟ್ಟಿದೆ ಎಂದು ಆತ ಕೈಬಿಡಲಿಲ್ಲ, ಬಂಡೆಗಳೇ ಮುಳ್ಳನ್ನು ಎಳೆಯುತ್ತಿವೆ ಎಂದು ಊಹಿಸಿದ. ಕೊಂಕಣದ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಕಾಂತಗುಣದ ಖನಿಜವಿದೆ ಎಂಬುದು ಇಂದು ನಮಗೆ ಗೊತ್ತು. ಭಾರತಕ್ಕೆ ಬರುವ ದಾರಿಯಲ್ಲೇ, ಹತ್ತಿರವಿದ್ದ ಕಬ್ಬಿಣದ ತೋಪು ದಿಕ್ಸೂಚಿಯನ್ನು ಕೆಡಿಸುತ್ತದೆ ಎಂಬುದನ್ನೂ ಆತ ಕಂಡುಕೊಂಡಿದ್ದ.

1541ರಲ್ಲಿ ಕೆಂಪು ಸಮುದ್ರದಲ್ಲಿ ಸೂಯೆಜ್‌ವರೆಗೆ ಹೋಗಿ ಅದನ್ನೂ ಬರೆದ. ನಂತರ ಊರಿಗೆ ಮರಳಿದ.

1545ರಲ್ಲಿ ಅದೇ ಮನುಷ್ಯ ಗವರ್ನರ್ ಆಗಿ ಬಂದ. ಈಗ ಕೈಯಲ್ಲಿದ್ದದ್ದು ಅಳತೆಯ ದಾರವಲ್ಲ. ಮರು ವರ್ಷ ದಿಯುವಿನ ಎರಡನೇ ಮುತ್ತಿಗೆಯಲ್ಲಿ ಮಗ ಫೆರ್ನಾಂಡೊ ಸತ್ತ. ನವೆಂಬರ್‌ನಲ್ಲಿ ಡಿ ಕ್ಯಾಸ್ಟ್ರೊ ಗೆದ್ದ. ಹಾಳಾದ ಕೋಟೆ ಕಟ್ಟಲು ಹಣವಿಲ್ಲದೆ, ಗೋವಾದ ನಗರಸಭೆಗೆ ತನ್ನ ಗಡ್ಡದ ಕೂದಲನ್ನೇ ಅಡವಿಟ್ಟು ಸಾಲ ಕೇಳಿದ. ಗೋವಾದವರು ಹಣ ಕೊಟ್ಟು ಕೂದಲನ್ನು ಹಿಂದಕ್ಕೆ ಕಳಿಸಿದರು. ಪೋರ್ಚುಗಲ್‌ನಲ್ಲಿ ಇಂದಿಗೂ ಆತ ಹೆಸರುವಾಸಿಯಾಗಿರುವುದು ಈ ಗಡ್ಡದಿಂದಲೇ!

ಕನ್ನಡ ನಾಡಿಗೂ ಈತನ ನಂಟಿದೆ. 1547ರ ಸೆಪ್ಟೆಂಬರ್‌ನಲ್ಲಿ ವಿಜಯನಗರದ ಸದಾಶಿವರಾಯನ ಜೊತೆ ಒಪ್ಪಂದ ಮಾಡಿಕೊಂಡ. ಗೋವಾಕ್ಕೆ ಬರುವ ಕುದುರೆಗಳು ವಿಜಯನಗರಕ್ಕೆ, ಬಿಜಾಪುರಕ್ಕೆ ಇಲ್ಲ. ಬದಲಿಗೆ ವಿಜಯನಗರದ ಸರಕು ಅಂಕೋಲಾ, ಹೊನ್ನಾವರಕ್ಕೆ ಬರಬೇಕು. ಬಿಜಾಪುರದ ಆದಿಲ್ ಶಾಹಿಯೊಂದಿಗೆ ಜಗಳ ಬೆಳೆಯಿತು. ಆಗ ಡಿ ಕ್ಯಾಸ್ಟ್ರೊನ ಪಡೆ ಬಿಜಾಪುರದ ಬಂದರು ದಾಭೋಲ್‌ಗೆ ಬೆಂಕಿ ಇಟ್ಟಿತು. ಎಂಟೊಂಬತ್ತು ವರ್ಷಗಳ ಹಿಂದೆ ಆತ ಕೂತು ಚಿತ್ರ ಬಿಡಿಸಿದ್ದ ಬಂದರು ಅದು. ಆ ಚಿತ್ರದಲ್ಲಿ ಊರು ಹಾಗೇ ಉಳಿದಿದೆ.

1548ರಲ್ಲಿ ವೈಸರಾಯ್ ಪದವಿ ಬಂತು. ಅದನ್ನು ಅನುಭವಿಸಲು ಆತನಿಗೆ ಹೆಚ್ಚು ದಿನ ಸಿಗಲಿಲ್ಲ. ಜೂನ್ 6ರಂದು ಗೋವಾದಲ್ಲಿ ತೀರಿಕೊಂಡ. ಹಾಸಿಗೆ ಪಕ್ಕದಲ್ಲಿದ್ದವರು ಫ್ರಾನ್ಸಿಸ್ ಕ್ಸೇವಿಯರ್.

ದಾಖಲೆಗಳು ಮಾತ್ರ ಹಸ್ತಪ್ರತಿಗಳಾಗಿಯೇ ಉಳಿದವು. ಕೆಂಪು ಸಮುದ್ರದ ದಾಖಲೆಯ ಪೋರ್ಚುಗೀಸ್ ಮೂಲ ಅಚ್ಚಾದದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಗೋವಾದಿಂದ ದಿಯುವರೆಗಿನದು 1843ರಲ್ಲಿ, ಪೋರ್ಟೊದಲ್ಲಿ. ಅಷ್ಟು ಹೊತ್ತಿಗೆ ಮುಂಬೈ ಇಂಗ್ಲಿಷರ ಕೈಗೆ ಬಂದು ಸುಮಾರು 180 ವರ್ಷವಾಗಿತ್ತು. ಇಲ್ಲಿಂದ ಸೂಯೆಜ್‌ಗೆ ಉಗಿಹಡಗುಗಳು ಓಡಾಡುತ್ತಿದ್ದವು.